ರುಜು ಇಲ್ಲದ ಅಭಿಪ್ರಾಯ

ಸಾಹೇಬರು ತೀರಿಕೊಂಡ ಸುದ್ದಿ ತಂದವನು ತಿಪ್ಪಯ್ಯ. ಹಿರಿಯೂರಿನ ಕಾಲುವೆ ಕಚೇರಿಗೆ ನಾನು ಗುಮಾಸ್ತನಾಗಿ ಸೇರಿದಾಗ ಅಲ್ಲಿ ಜವಾನನಾಗಿದ್ದವನು. ಈಗ ನಿವೃತ್ತನಾಗಿ, ಹೊಳಲ್ಕೆರೆ ಕಡೆಯ ತನ್ನೂರು ತಾಳ್ಯದಲ್ಲಿ ಹತ್ತು ಕುರಿ ಇಟ್ಟುಕೊಂಡಿದ್ದಾನೆ. ಹೊಸದುರ್ಗದ ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತು, ಟವಲಿನಿಂದ ಮುಖ ಒರೆಸಿಕೊಂಡು, "ನಮ್ ಸಾಹೇಬ್ರು ಹೋಗ್ಬಿಟ್ರು ಕಣಪ್ಪ. ಮೊನ್ನೆ ಬೆಳಿಗ್ಗೆ. ನಿನ್ನೆ ಮಣ್ಣು ಮಾಡಿದ್ವಿ" ಅಂದ.

"ಹೌದಾ" ಅಂದೆ. ಕೈಯಲ್ಲಿದ್ದ ಪಟ್ಟಿಯಲ್ಲಿ ಇನ್ನೂ ನಾಲ್ಕು ಸಾಲು ಬಾಕಿ ಇತ್ತು. ಬರೆದು ಮುಗಿಸಿದೆ. ಕೆಳಗೆ ಚಿಕ್ಕ ರುಜು ಹಾಕಿ, ತಾರೀಖು ಬರೆದು, ಹೀರುಕಾಗದ ಒತ್ತಿದೆ. ಆಮೇಲೆ ತಿಪ್ಪಯ್ಯನನ್ನು ಕರೆದುಕೊಂಡು ಹೋಗಿ ಟೀ ಕೊಡಿಸಿದೆ. ಟೀ ಕುಡಿಯುತ್ತ ನನ್ನೊಳಗೆ ಏನಾದರೂ ಆಗುತ್ತದೆಯೇ ಎಂದು ಕಾದು ನೋಡಿದೆ. ದುಃಖ ಬರಲಿಲ್ಲ. ಪೀಡೆ ತೊಲಗಿತು ಎಂಬ ನಿರಾಳವೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದಾಗ ದವಡೆ ಹೇಗಿರುತ್ತದೋ ಹಾಗಿತ್ತು.

"ನಾಳೆ ಹಾಲುತುಪ್ಪ ಬಿಡ್ತಾರೆ. ಬರ್ತೀಯೇನಪ್ಪ?" ಅಂತ ತಿಪ್ಪಯ್ಯ ಕೇಳಿದ.

ಬರ್ತೀನಿ ಅಂದೆ. ಯಾಕೆ ಅಂದೆನೋ ನನಗೇ ತಿಳಿಯಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎದುರಿಗೆ ಸಾಹೇಬರು, ಬೆನ್ನ ಹಿಂದೆ ಬೇರೆ ಬೇರೆ. ಬೆನ್ನ ಹಿಂದಿನ ಹೆಸರುಗಳಲ್ಲಿ ಅಚ್ಚಿಗೆ ಕೊಡುವಂಥದ್ದು ಒಂದೂ ಇಲ್ಲ.

ಎತ್ತರ ಇಲ್ಲ, ದಪ್ಪ ಇಲ್ಲ. ಕತ್ತಿನವರೆಗೂ ಗುಂಡಿ ಹಾಕಿದ ಬಿಳಿ ಅಂಗಿ. ಮಳೆ ಎಂಬುದು ನೆಂಟರ ಹಾಗೆ ಅಪರೂಪಕ್ಕೆ ಬರುವ ಹಿರಿಯೂರಿನಲ್ಲಿ ವರ್ಷವಿಡೀ ಕೈಯಲ್ಲಿ ಕೊಡೆ. ಜೇಬಿನಲ್ಲಿ ಒಂದು ತುದಿ ಕೆಂಪು, ಒಂದು ತುದಿ ನೀಲಿ ಇದ್ದ ದಪ್ಪ ಪೆನ್ಸಿಲ್ಲು. ಇನ್ನೊಂದು ಜೇಬಿನಲ್ಲಿ ನಶ್ಯದ ಡಬ್ಬಿ. ನಶ್ಯ ಸೇದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತಂತೆ. ಡಬ್ಬಿಯಲ್ಲಿ ರಬ್ಬರು ಇಟ್ಟುಕೊಳ್ಳುತ್ತಿದ್ದರು. ನಮ್ಮ ಪಟ್ಟಿಗಳಲ್ಲಿ ತಪ್ಪು ಕಂಡರೆ ಡಬ್ಬಿ ತೆಗೆದು, ಮುಚ್ಚಳ ತಟ್ಟಿ, ನಮ್ಮ ಕಣ್ಣೆದುರಿಗೇ ನಮ್ಮ ಬರಹವನ್ನು ಉಜ್ಜಿ, ಊದಿ, ಧೂಳನ್ನು ನಮ್ಮ ಕಡೆಗೇ ಹಾರಿಸುತ್ತಿದ್ದರು. ಆ ಡಬ್ಬಿ ಟಕ್ ಎಂದರೆ ಆಚೆ ಕೋಣೆಯಲ್ಲಿ ನಾವು ಮೂವರೂ ಒಟ್ಟಿಗೇ ನಮ್ಮ ನಮ್ಮ ಕಾಗದದ ತಾರೀಖು ನೋಡಿಕೊಳ್ಳುತ್ತಿದ್ದೆವು.

ಕಚೇರಿಯ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದರು. ಇದು ಅವರಿಗೂ ಗೊತ್ತು, ನಮಗೂ ಗೊತ್ತು, ಆದರೂ ತಡವಾಗಿ ಬಂದವರು ನಾವೇ. ಬಸ್ಸು ಪಂಕ್ಚರಾಗಿ ತಡವಾದ ದಿನ ನನ್ನಿಂದ ಸಮಜಾಯಿಷಿ ಬರೆಸಿಕೊಂಡು, ಅದನ್ನು ಎಲ್ಲರೆದುರಿಗೂ ಗಟ್ಟಿಯಾಗಿ ಓದಿಸಿದರು. ನಮ್ಮ ಟೈಪಿಸ್ಟ್ ಸರೋಜಮ್ಮನವರಿಗೆ ಎಂಟು ತಿಂಗಳಾಗಿದ್ದಾಗ ಒಂದೇ ಕಾಗದವನ್ನು ಮೂರು ಸಲ ಟೈಪು ಮಾಡಿಸಿ, ಮೂರು ಸಲವೂ ತಮ್ಮ ಮೇಜಿನ ಮುಂದೆ ನಿಲ್ಲಿಸಿದರು. ಮೂರನೆಯ ಸಲ ಆಕೆ ಗೋಡೆ ಹಿಡಿದು ನಿಂತದ್ದನ್ನು ನೋಡಿಯೂ, "ಮಾರ್ಜಿನ್ ಸಾಲದು" ಅಂದರು. ಇದನ್ನು ಕ್ಷಮಿಸಬೇಕು ಎಂದು ಬರೆಯುತ್ತಿಲ್ಲ. ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಎರಡು. ಒಂದು, "ಕಾಗದದ ಬೆನ್ನೂ ಕಾಗದವೇ." ಯಾವ ಫೈಲು ಬಂದರೂ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ, ಪ್ರತಿ ಹಾಳೆಯ ಹಿಂಬದಿಯನ್ನೂ ತಿರುಗಿಸಿ, ಅಲ್ಲಿ ಯಾರೋ ಗೀಚಿದ್ದ ಲೆಕ್ಕ, ಪೆನ್ನಿನ ಶಾಯಿ ನೋಡಲು ಎಳೆದ ಗೀಟು, ಎಲ್ಲವನ್ನೂ ಓದುತ್ತಿದ್ದರು. ಬಾಯಿ ಬಿಟ್ಟು ಓದುವ ಅಭ್ಯಾಸ. ಕೊನೆ ಮುಟ್ಟದೆ ಕೆಳಗಿಡುತ್ತಿರಲಿಲ್ಲ. ಇನ್ನೊಂದು, "ರುಜು ಇಲ್ಲದ ಬರಹ ಯಾರ ಬರಹವೂ ಅಲ್ಲ." ಎರಡು ಸಾಲಿನ ಟಿಪ್ಪಣಿಯಾದರೂ ಸರಿ, ಕೆಳಗೆ ಬರೆದವನ ಚಿಕ್ಕ ರುಜು, ಅದರ ಕೆಳಗೆ ತಾರೀಖು ಇರಬೇಕು. ಇಲ್ಲದಿದ್ದರೆ ಅದನ್ನು ಓದುತ್ತಲೇ ಇರಲಿಲ್ಲ, ಅಡ್ಡ ಬಾಗಿಲಿನ ಆಚೆಗೆ ಎಸೆಯುತ್ತಿದ್ದರು. ಮೂಗರ್ಜಿ ಬಂದರೆ ಲಕೋಟೆ ಸಮೇತ ಕಸದ ಬುಟ್ಟಿಗೆ. ಹಿಂದಿನ ತಾರೀಖು ಹಾಕುವುದು ಮಹಾಪರಾಧ. ತಾವು ನೋಡಿದ ಟಿಪ್ಪಣಿಯ ಕೆಳಗೆ ಕೆಂಪು ಪೆನ್ಸಿಲಿನಲ್ಲಿ 'ನೋಡಿದೆ' ಎಂದು ಬರೆದು ರುಜು ಹಾಕುತ್ತಿದ್ದರು. ಆಮೇಲೆ ಆ ಟಿಪ್ಪಣಿಯನ್ನು ತಿದ್ದುವಂತಿಲ್ಲ. ಈ ಪಾಠ ಎಷ್ಟು ಚೆನ್ನಾಗಿ ನಾಟಿತ್ತೆಂದರೆ ನಾನು ಮನೆಯಲ್ಲಿ ಹಾಲಿನವಳಿಗೆ ಬರೆದಿಟ್ಟ ಚೀಟಿಗೂ ರುಜು ಹಾಕಿದ್ದುಂಟು.

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮಾರಿಕಣಿವೆ ಅಣೆಕಟ್ಟಿನ ನೀರು ಬಿಟ್ಟಾಗ ಕಾಲುವೆಯ ಬಾಯಿಯ ಹೊಲದವರು ತುಂಬಿಸಿಕೊಂಡು, ಕೊನೆಯ ಹೊಲದವರು ಬಾಯಿ ಒಣಗಿಸಿಕೊಂಡು ಕೂರುವುದು ಹಿಂದಿನಿಂದ ಬಂದದ್ದು. ಒಂದು ವರ್ಷ ತೂಬಿನ ಹತ್ತಿರ ಎರಡು ಊರಿನವರು ದೊಣ್ಣೆ ಹಿಡಿದು ನಿಂತಿದ್ದಾರೆ. ಇವರು ಕೊಡೆ ಬಿಚ್ಚಿಕೊಂಡು ಮಧ್ಯಕ್ಕೆ ಹೋಗಿ, ಸರದಿ ಪಟ್ಟಿ ತೆಗೆದು, ಒಂದೊಂದೇ ಹೆಸರು ಓದಿದರು. "ಇದರ ಕೆಳಗೆ ನನ್ನ ರುಜು ಐತೆ. ಇದನ್ನ ಮುರಿಯೋನು ಮೊದಲು ನನ್ನ ಕಾಲು ಮುರೀಲಿ" ಅಂದರು. ಯಾರೂ ಮುರಿಯಲಿಲ್ಲ. ಆ ವರ್ಷ ಕೊನೆಯ ಹೊಲಕ್ಕೂ ನೀರು ಹೋಯಿತು. ಸಂಜೆ ಕಚೇರಿಗೆ ಬಂದವರೇ, ಪಟ್ಟಿಯ ಪ್ರತಿಯಲ್ಲಿ ತಾರೀಖು ಮಸುಕಾಗಿದೆ ಎಂದು ನನಗೆ ಬೈದರು.

ನಮ್ಮ ಕಚೇರಿಗೆ ಒಂದು ಪುಸ್ತಕ ಬಂದದ್ದು ಎಪ್ಪತ್ತೆರಡರ ಸುಮಾರಿಗೆ.

ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೊಂದು ವಾಚನಾಲಯ ಇತ್ತು. ನೋಡಿಕೊಳ್ಳುತ್ತಿದ್ದ ಮುದುಕರಿಗೆ ಒಂದು ಖಯಾಲಿ. ಪ್ರತಿ ಪುಸ್ತಕದ ಕೊನೆಗೂ ಎರಡು ಖಾಲಿ ಹಾಳೆ ಅಂಟಿಸಿ, ಮೇಲೆ 'ಓದಿದವರ ಅಭಿಪ್ರಾಯ' ಎಂದು ದುಂಡಗೆ ಬರೆಯುತ್ತಿದ್ದರು. ಮೇಜಿಗೆ ದಾರದಲ್ಲಿ ಒಂದು ಪೆನ್ಸಿಲ್ಲು ಕಟ್ಟಿತ್ತು. ಪುಸ್ತಕ ವಾಪಸು ಕೊಡುವವರು ಒಂದು ಸಾಲಾದರೂ ಬರೆಯದೆ ಮೆಟ್ಟಿಲು ಇಳಿಯುವಂತಿರಲಿಲ್ಲ. ನಾವೆಲ್ಲ ಪುಸ್ತಕಕ್ಕಿಂತ ಮೊದಲು ಆ ಹಾಳೆಯನ್ನೇ ಓದುತ್ತಿದ್ದೆವು.

ಆ ಪುಸ್ತಕವೂ ಅಲ್ಲಿಂದಲೇ ಬಂದದ್ದು, ಒಂದು ಹಾಸ್ಯ ಕಾದಂಬರಿ. ಯಾವುದೋ ದೂರದ ಊರಿನ ಯಾವುದೋ ಕಚೇರಿ, ಅಲ್ಲೊಬ್ಬ ಸಾಹೇಬ. ಸೀನುವುದಕ್ಕೆ ಅರ್ಜಿ ಬರೆಸುತ್ತಾನೆ. ಕೆಲಸದ ವೇಳೆಯಲ್ಲಿ ಮಲಗಿದ್ದಕ್ಕೆ ಕಚೇರಿಯ ಬೆಕ್ಕಿಗೆ ಮೆಮೊ ಕೊಡುತ್ತಾನೆ. ಬೆಕ್ಕು ಉತ್ತರಿಸುವುದಿಲ್ಲ, ಜ್ಞಾಪನೆ ಕಳಿಸುತ್ತಾನೆ. ಆಗಲೂ ಉತ್ತರವಿಲ್ಲ, ಬೆಕ್ಕನ್ನು ವರ್ಗ ಮಾಡುತ್ತಾನೆ. ಮನೆಯಲ್ಲಿ ಮಾತ್ರ ಹೆಂಡತಿ ಕೆಮ್ಮಿದರೆ ಎದ್ದು ನಿಲ್ಲುತ್ತಾನೆ. ಮೊದಲು ಓದಿದವನು ನಮ್ಮ ಟಪಾಲು ಗುಮಾಸ್ತ ಬೋರಣ್ಣ. ಬೆಕ್ಕಿನ ಅಧ್ಯಾಯವನ್ನು ಊಟದ ವೇಳೆಯಲ್ಲಿ ಅಭಿನಯಿಸಿಯೇ ತೋರಿಸಿದ. ನಾವು ಬಾಯಿಗೆ ಟವಲು ತುರುಕಿಕೊಂಡು ನಕ್ಕೆವು. ಎರಡು ವರ್ಷದಲ್ಲಿ ಆ ಕಚೇರಿಯಲ್ಲಿ ನಾನು ಅಷ್ಟು ನಕ್ಕದ್ದು ಅದೇ ಮೊದಲು.

ಪುಸ್ತಕ ನನ್ನ ಕೈಗೆ ಬರುವ ಹೊತ್ತಿಗೆ ಕೊನೆಯ ಹಾಳೆಯಲ್ಲಿ ಮೂರು ಅಭಿಪ್ರಾಯಗಳಿದ್ದವು. ಯಾರೋ ನಿವೃತ್ತ ಮೇಷ್ಟರು 'ಕಾಲಹರಣ' ಎಂದು ಒಂದೇ ಪದ ಬರೆದಿದ್ದರು. ಬೋರಣ್ಣ, 'ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಲೇಖಕರು ನಮ್ಮ ಕಚೇರಿಗೆ ಬಂದು ಹೋಗಿರಬೇಕು' ಎಂದಿದ್ದ. ಸರೋಜಮ್ಮನವರದು, 'ಚೆನ್ನಾಗಿದೆ. ಆದರೆ ಕೊನೆಯಲ್ಲಿ ಸಾಹೇಬನಿಗೆ ಬುದ್ಧಿ ಬರುತ್ತದೆ. ಹಾಗೆ ಬರುವುದಿಲ್ಲ.'

ಇವರನ್ನೆಲ್ಲ ಮೀರಿಸಬೇಕು ಅನ್ನಿಸಿತು. ವಯಸ್ಸು ಇಪ್ಪತ್ನಾಲ್ಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಜಾಣತನ ಬೇರೆ. ಸ್ವಲ್ಪ ಹೊತ್ತು ಯೋಚಿಸಿ ಬರೆದೆ: 'ನಮ್ಮಲ್ಲಿರುವವರ ಮುಂದೆ ಈ ಸಾಹೇಬ ಏನೂ ಅಲ್ಲ. ಕಥೆಯಲ್ಲಿ ನಂಬಲಾಗದ್ದು ಒಂದೇ. ಇಂಥವನ ಹತ್ತಿರ ಹೆಂಡತಿ ಯಾಕೆ ಉಳಿದಳು? ಮನುಷ್ಯಳಾದರೆ ಎಂದೋ ಬಿಟ್ಟು ಹೋಗಿರಬೇಕಿತ್ತು.' ಓದಿಕೊಂಡೆ. ಚೆನ್ನಾಗಿದೆ ಅನ್ನಿಸಿತು. ಮೆಟ್ಟಿಲಿಳಿದು ಬಂದೆ.

ಮಾರನೆಯ ದಿನ, ಶುಕ್ರವಾರ ಸಂಜೆ, ಸಾಹೇಬರು ತಿಪ್ಪಯ್ಯನನ್ನು ಕಳಿಸಿ ಅದೇ ಪುಸ್ತಕ ತರಿಸಿಕೊಂಡರು. ನಾವು ನಗುವುದು ಅವರಿಗೆ ಕೇಳಿಸಿತ್ತೋ, ಯಾರಾದರೂ ಹೇಳಿದರೋ ತಿಳಿಯದು. ಅವರು ಕಥೆ ಪುಸ್ತಕ ಮುಟ್ಟಿದ್ದನ್ನು ನಾವ್ಯಾರೂ ನೋಡಿರಲಿಲ್ಲ.

ಬೋರಣ್ಣನೇನೋ ಧೈರ್ಯವಾಗಿದ್ದ. "ಹೆಸರು ಬರ್ದಿಲ್ಲಲ್ಲ, ಬಿಡೋ. ಅಕ್ಷರ ನೋಡಿ ಏನು ಗಲ್ಲಿಗೆ ಹಾಕ್ತಾರಾ" ಅಂದ. ಅಷ್ಟರಲ್ಲಿ ಸರೋಜಮ್ಮನವರ ಕೈ ಟೈಪ್‌ರೈಟರಿನ ಮೇಲೆ ನಿಂತಿತು. "ನಾನು ಚಿಕ್ಕ ರುಜು ಹಾಕಿದೀನಿ ಕಣ್ರಿ" ಅಂದರು. ಬೋರಣ್ಣನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಮೂವರೂ ಹಾಕಿದ್ದೆವು. ತಾರೀಖು ಸಮೇತ. ಎರಡು ಸಾಲು ಬರೆದ ಕೂಡಲೆ ಕೈ ತಾನಾಗಿ ಕೆಳಗೆ ಹೋಗಿ ಆ ಕೆಲಸ ಮಾಡಿತ್ತು. ಅವರು ಕಲಿಸಿದ ಪಾಠವನ್ನು ಅವರ ಮೇಲೆಯೇ ಬರೆದು ಒಪ್ಪಿಸಿದ ಹಾಗಾಯಿತು.

ನಾನಿನ್ನೂ ಖಾಯಂ ಆಗಿರಲಿಲ್ಲ. ಮಾರ್ಚಿಗೆ ಎರಡು ವರ್ಷ ತುಂಬುತ್ತಿತ್ತು, ಖಾಯಂ ಆಗುವುದು ಸಾಹೇಬರ ವರದಿಯ ಮೇಲೆ ನಿಂತಿತ್ತು. ಅವರು 'ಬೇಡ' ಎಂದು ಎರಡಕ್ಷರ ಬರೆದರೆ ನಾನು ಹೊಸದುರ್ಗದ ನಮ್ಮೂರಿಗೆ ವಾಪಸು, ಅಪ್ಪನ ಕುರಿ ಹಿಂದೆ. ಕುರಿ ಕಾಯುವುದು ಕೀಳಲ್ಲ. ಆದರೆ ಎಸ್ಸೆಸ್ಸೆಲ್ಸಿ ಪಾಸಾದ ಮಗ ಕೆಲಸ ಕಳೆದುಕೊಂಡು ಬಂದು ಕುರಿ ಕಾಯುವುದು ಅಪ್ಪನಿಗೆ ಸಾವಿನ ಹಾಗೆ.

ಶನಿವಾರ ಮಧ್ಯಾಹ್ನ ಸಾಹೇಬರು ಎಂದಿನಂತೆ ಕೊಡೆ ಹಿಡಿದು ದುರ್ಗದ ಬಸ್ಸು ಹತ್ತಿದರು. ಕೈಚೀಲದಲ್ಲಿ ಆ ಪುಸ್ತಕದ ಕೆಂಪು ರಟ್ಟು ಕಾಣುತ್ತಿತ್ತು. ಪ್ರತಿ ಶನಿವಾರ ದುರ್ಗಕ್ಕೆ ಹೋಗಿ, ಅಲ್ಲಿಂದ ಹೊಳಲ್ಕೆರೆ ಬಸ್ಸು ಹಿಡಿದು, ಸೋಮವಾರ ಬೆಳಿಗ್ಗೆ ಹಾಜರಾಗುತ್ತಿದ್ದರು. ಊರಿಗೆ ಹೋಗುತ್ತಾರೆ ಎಂದಷ್ಟೇ ನನಗೆ ಗೊತ್ತಿದ್ದದ್ದು. ಬರೆದದ್ದನ್ನು ತಿಪ್ಪಯ್ಯನಿಗೆ ಹೇಳಿಕೊಂಡೆ. ಅವನು ಬೀಡಿ ಆರಿಸಿದ.

"ಎಂಥ ಮಾತು ಬರ್ದೆಯಪ್ಪ. ಅಮ್ಮಾರು ಬಿಟ್ಟು ಹೋಗಿ ಆರು ವರ್ಷ ಆತು."

"ಯಾವ ಅಮ್ಮಾರು?"

"ಸಾಹೇಬ್ರ ಮನೆಯೋರು. ಹೊಳಲ್ಕೆರೆ ಅವ್ರ ತವರು, ಅಣ್ಣನ ಮನೇಲಿ ಅವ್ರೆ. ಮನೇಲೂ ಹಿಂಗೇ ಇದ್ರಂತೆ ಇವ್ರು. ಸಾರಿಗೆ ಉಪ್ಪು ಜಾಸ್ತಿ ಆದ್ರೆ, ಯಾಕಾತು ಅಂತ ಬರ್ದು ಕೊಡು ಅಂತಿದ್ರಂತೆ. ಒಂದಿನ ಅಮ್ಮಾರು ಬರ್ದೇ ಕೊಟ್ರಂತೆ, ನಾನು ತವರಿಗೆ ಹೋಗ್ತೀನಿ, ಬರಾದಿಲ್ಲ ಅಂತ. ಕೆಳಗೆ ರುಜು ಹಾಕಿ."

"ಮತ್ತೆ ಪ್ರತಿ ವಾರ ಯಾಕೆ ಹೋಗ್ತಾರೆ?"

"ಕರ್ಕಂಡ್ ಬರಾಕೆ. ಜಗಲಿ ಮ್ಯಾಲೆ ಕುಂತ್ಕಂತಾರೆ. ಭಾವಮೈದ ಕಾಫಿ ಕೊಡ್ತಾನೆ. ಅಮ್ಮಾರು ಬಾಗಿಲ ಹಿಂದೆ ಇರ್ತಾರೆ, ಈಚೆಗೆ ಬರಾದಿಲ್ಲ, ಮಾತಾಡಾದಿಲ್ಲ. ಸಂಜೀ ಮಟ ಕುಂತು ಛತ್ರಕ್ಕೆ ಹೋಗಿ ಮಲಗ್ತಾರೆ. ಹಾಲುರಾಮೇಶ್ವರಕ್ಕೂ ಹೋಗಿದ್ರು ಮೂರು ಸಲ, ಕೊಳದ ಮುಂದೆ ಬೇಡ್ಕಂಡು ಕುಂತಿದ್ರು. ಬೇಡಿದ್ದು ಆಗಾದಾದ್ರೆ ಎಲ್ಲಾರಿಗೂ ಏನಾರ ತೇಲಿ ಬರ್ತೈತೆ. ಇವ್ರಿಗೆ ಏನೂ ಬರಲಿಲ್ಲ."

ನಿಜ ಹೇಳಬೇಕೆಂದರೆ ಆಗ ನನ್ನ ತಲೆಯಲ್ಲಿದ್ದದ್ದು ಅವರ ಸಂಕಟ ಅಲ್ಲ. ಮಾರ್ಚಿ ತಿಂಗಳು.

ಸೋಮವಾರ ಬಂದರು. ಏನೂ ಅನ್ನಲಿಲ್ಲ. ಪುಸ್ತಕ ಮೇಜಿನ ಒಳಖಾನೆಗೆ ಹೋಯಿತು. ಮಂಗಳವಾರ, ಬುಧವಾರ, ಅದೇ ಡಬ್ಬಿ, ಅದೇ ಟಕ್. ಗುರುವಾರ ದುರ್ಗದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆಂದು ತಂತಿ ಬಂತು. ಕಚೇರಿಯ ನೌಕರರು ತಮ್ಮ ಅಧಿಕಾರಿಯನ್ನು ಸಾರ್ವಜನಿಕ ಪುಸ್ತಕದಲ್ಲಿ ಬರೆದು ಹೀಯಾಳಿಸಿದ್ದಾರೆ ಎಂದು ಯಾರೋ ಅಲ್ಲಿಗೆ ಮೂಗರ್ಜಿ ಹಾಕಿದ್ದರು. ಯಾರು ಎಂದು ಕೊನೆಗೂ ತಿಳಿಯಲಿಲ್ಲ.

ಶುಕ್ರವಾರ ದೊಡ್ಡ ಸಾಹೇಬರು ಬಂದು ಒಳಗೆ ಕೂತರು. ಅಡ್ಡ ಬಾಗಿಲು ಸೊಂಟದ ಎತ್ತರಕ್ಕಿತ್ತು. ನಾವು ಮೂವರೂ ತಲೆ ತಗ್ಗಿಸಿ ಏನೋ ಬರೆಯುತ್ತ, ಕಿವಿಯನ್ನು ಆ ಕಡೆಗೇ ಇಟ್ಟಿದ್ದೆವು.

"ಏನ್ರೀ ಇದು? ನಿಮ್ಮ ಕೈಕೆಳಗಿನವರೇ ಬರ್ದಿದಾರಂತೆ. ಪುಸ್ತಕ ಎಲ್ಲಿ?"

ಒಳಖಾನೆ ಎಳೆದ ಸದ್ದು. ಹಾಳೆ ತಿರುಗಿಸಿದ ಸದ್ದು. ಸರೋಜಮ್ಮನವರ ತುಟಿ ಏನೋ ಜಪಿಸುತ್ತಿತ್ತು.

"ಯಾರ್ದು ರೀ ಇವೆಲ್ಲ?"

"ರುಜು ಇಲ್ಲ ಸಾರ್" ಅಂದರು ನಮ್ಮವರು.

ಬೋರಣ್ಣ ತಲೆ ಎತ್ತಿದ.

"ಕೈಬರಹ ಗೊತ್ತಾಗಲ್ವೇನ್ರಿ? ದಿನಾ ನೋಡ್ತೀರಲ್ಲ."

"ರುಜು ಇಲ್ಲದ ಬರಹ ಯಾರ ಬರಹವೂ ಅಲ್ಲ ಸಾರ್. ನಾನು ಓದಾದಿಲ್ಲ. ನಿಮಗೆ ಬಂದಿರೋ ಅರ್ಜೀಗೂ ರುಜು ಇದ್ದಂಗೆ ಕಾಣಲ್ಲ."

"ನಿಮ್ಮ ಮೇಲೇ ಬರ್ದಿದಾರಲ್ರಿ."

"ಪುಸ್ತಕದ ಮೇಲೆ ಬರ್ದಿದಾರೆ ಸಾರ್. ಮೇಲೆ ಐತೆ ನೋಡ್ರಿ, ಓದಿದವರ ಅಭಿಪ್ರಾಯ ಅಂತ."

ದೊಡ್ಡ ಸಾಹೇಬರು ಸ್ವಲ್ಪ ಹೊತ್ತು ಗೊಣಗಿ, ಎಳನೀರು ಕುಡಿದು, ಜೀಪು ಹತ್ತಿ ಹೋದರು. ಆಮೇಲೆ ನನಗೆ ಕರೆ ಬಂತು. ಒಳಗೆ ಹೋಗಿ ನಿಂತೆ. ಈಗ ಹೇಳುತ್ತಾರೆ, ಬೈಯಲಿ, ಕೆನ್ನೆಗೆ ಹೊಡೆಯಲಿ, ಏನಾದರೂ ಆಗಿಬಿಡಲಿ ಅನ್ನಿಸಿತು. ಅವರು ಆ ದಿನ ಬೆಳಿಗ್ಗೆ ನಾನು ಕಳಿಸಿದ್ದ ಟಿಪ್ಪಣಿಯನ್ನು ನನ್ನ ಎದೆಯ ಕಡೆಗೆ ಎಸೆದರು.

"ರುಜು ಎಲ್ರಿ?"

ಹೆದರಿಕೆಯಲ್ಲಿ ಆ ದಿನ ನಾನು ಯಾವುದಕ್ಕೂ ರುಜು ಹಾಕಿರಲಿಲ್ಲ. ನಿಂತಲ್ಲೇ ಹಾಕಿದೆ. "ತಾರೀಖು" ಅಂದರು. ಹಾಕಿದೆ. "ಹೋಗ್ರಿ" ಅಂದರು.

ಮಾರ್ಚಿಯಲ್ಲಿ ನಾನು ಖಾಯಂ ಆದೆ. ಅವರು ಬದಲಾಗಲಿಲ್ಲ. ಸರೋಜಮ್ಮನವರ ಅಭಿಪ್ರಾಯವೇ ಸರಿ ಇತ್ತು. ಹೆರಿಗೆ ರಜೆ ಮುಗಿಸಿ ಬಂದ ಆಕೆಗೆ, ಒಂದು ದಿನ ತಡವಾಯಿತೆಂದು ಮೆಮೊ ಕೊಟ್ಟರು. ನನಗೂ ಆಮೇಲೆ ಎರಡು ವರ್ಷ ಬೈಗುಳಕ್ಕೇನೂ ಕೊರತೆಯಾಗಲಿಲ್ಲ. ಉಪಕಾರ ಆಯಿತು ಎಂದು ಅವರಿಗೆ ಒಂದು ಮಾತು ಹೇಳಬೇಕು ಎಂದು ಆಗಾಗ ಅನ್ನಿಸುತ್ತಿತ್ತು. ಹೇಳಬೇಕಾದರೆ ಬರೆದವನು ನಾನೇ ಎಂದು ಒಪ್ಪಿಕೊಳ್ಳಬೇಕು. ಹೇಳಲಿಲ್ಲ.

ಆದರೆ ಒಂದು ಸಂಜೆ ಆ ಸಾಲನ್ನು ಅಳಿಸಿಬಿಡೋಣ ಎಂದು ರಬ್ಬರು ಜೇಬಿನಲ್ಲಿಟ್ಟುಕೊಂಡು ವಾಚನಾಲಯಕ್ಕೆ ಹೋದೆ. ಪುಸ್ತಕ ಅಲ್ಲಿಗೆ ವಾಪಸು ಬಂದಿತ್ತು. ಕೊನೆಯ ಹಾಳೆ ತೆಗೆದೆ. ನಮ್ಮ ಮೂವರ ಮಾತುಗಳೂ ಹಾಗೇ ಇದ್ದವು. ಮೂರು ರುಜುಗಳ ಜಾಗದಲ್ಲಿ ಉಜ್ಜಿದ ಕಲೆ. ನನ್ನ ಸಾಲಿನ ಕೆಳಗೆ ಒಂದು ಬೆರಳು ಬಿಟ್ಟು, ಕೆಂಪು ಪೆನ್ಸಿಲಿನಲ್ಲಿ, 'ನೋಡಿದೆ.' ಅದಕ್ಕೆ ರುಜು ಇರಲಿಲ್ಲ. ಅವರು ರುಜು ಹಾಕದೆ ಬರೆದದ್ದನ್ನು ನಾನು ನೋಡಿದ್ದು ಅದೊಂದೇ. ಜೇಬಿನ ರಬ್ಬರು ಜೇಬಿನಲ್ಲೇ ಉಳಿಯಿತು. ಸಾಹೇಬರು ನೋಡಿದ್ದನ್ನು ಆಮೇಲೆ ತಿದ್ದಬಾರದು.

ಎರಡು ವರ್ಷದ ನಂತರ ನನಗೆ ಹೊಸದುರ್ಗಕ್ಕೆ ವರ್ಗವಾಯಿತು. ಅವರು ನಿವೃತ್ತಿಯಾಗಿ ಹೊಳಲ್ಕೆರೆಯಲ್ಲೇ, ಹೆಂಡತಿಯ ತವರುಮನೆಯಿಂದ ಎರಡು ಬೀದಿ ಆಚೆ, ಒಂದು ಬಾಡಿಗೆ ಕೋಣೆ ಹಿಡಿದರೆಂದು ತಿಪ್ಪಯ್ಯ ಯಾವಾಗಲೋ ಹೇಳಿದ್ದ. ಶನಿವಾರ ಜಗಲಿಗೆ ಹೋಗುವುದು ತಪ್ಪಿರಲಿಲ್ಲವಂತೆ. ಸತ್ತದ್ದು ಆ ಕೋಣೆಯಲ್ಲೇ.

ಹಾಲುತುಪ್ಪದ ದಿನ ನಾನೂ ತಿಪ್ಪಯ್ಯನೂ ಹೊಳಲ್ಕೆರೆಗೆ ಹೋದೆವು. ಹತ್ತು ಹನ್ನೆರಡು ಜನ ಇದ್ದರು. ಮಣ್ಣಿನ ಮೇಲೆ ಹಾಲು ಬಿಟ್ಟಾಗ ಅದು ಇಂಗುವುದನ್ನು ನೋಡುತ್ತ ನಿಂತೆ. ಆಗಲೂ ನನಗೆ ಏನೂ ಆಗಲಿಲ್ಲ. ವಾಪಸು ಆ ತವರುಮನೆಯ ಹತ್ತಿರ ಬಂದಾಗ ಅವರ ಭಾವಮೈದ, "ಬರ್ರಿ, ಕುಂತ್ಕಳ್ರಿ" ಎಂದು ಜಗಲಿ ತೋರಿಸಿದರು. ಒಂದು ಕಡೆ ಕಲ್ಲು ನುಣ್ಣಗಾಗಿತ್ತು. ಅಲ್ಲಿ ಕೂರದೆ ಪಕ್ಕಕ್ಕೆ ಕೂತೆ. ಹೊಸ್ತಿಲ ಒಳಗೆ, ಬಾಗಿಲಿಗೆ ಒರಗಿ, ಆ ಅಮ್ಮ ಕೂತಿದ್ದರು. ತಲೆ ಅರ್ಧ ನೆರೆತಿತ್ತು. ಅಳು ಮುಗಿದಿತ್ತೋ, ಬಂದೇ ಇರಲಿಲ್ಲವೋ.

"ಹಿರಿಯೂರ್ ಆಫೀಸ್ನೋರೇನಪ್ಪ?"

"ಹೂಂ ಅಮ್ಮ. ಅವರ ಕೈಕೆಳಗೆ ಇದ್ದೆ."

"ನಿಮ್ಗೂ ಬಾಳ ಗೋಳು ಹೊಯ್ಕಂಡಿರ್ತಾರೆ."

ಅವರು ಜಗಲಿಯ ಆ ನುಣ್ಣಗಿನ ಕಲ್ಲನ್ನೇ ನೋಡುತ್ತ, ಯಾರಿಗೋ ಹೇಳುವ ಹಾಗೆ ಹೇಳತೊಡಗಿದರು.

"ಒಂದ್ ಶನಿವಾರ ಒಂದು ಪುಸ್ತಕ ತಂದಿದ್ರು. ಇಲ್ಲೇ ಕುಂತು ಗಟ್ಟಿಯಾಗಿ ಓದಿದ್ರು. ನಾನು ಒಳಗೆ ಅಕ್ಕಿ ಆರಿಸ್ತಿದ್ದೆ. ಯಾವನೋ ಸಾಹೇಬ ಬೆಕ್ಕಿಗೆ ಕಾಗದ ಬರೀತಾನೆ ನೋಡಪ್ಪ, ನನಗೆ ನಗು ತಡಿಯಾಕೆ ಆಗಲಿಲ್ಲ. ಬಾಯಿಗೆ ಸೆರಗು ಇಟ್ಕಂಡೆ. ಅವ್ರಿಗೆ ಕೇಳಿಸ್ತು. ಓದೋದು ನಿಲ್ಸಿ, ಮತ್ತೆ ಅದನ್ನೇ ಇನ್ನೊಂದ್ಸಲ ಓದಿದ್ರು. ಭಾನುವಾರಾನೂ ಬಂದು ಓದಿದ್ರು. ಈ ಮನುಷ್ಯ ತನ್ನ ಕಥೇನೇ ತಾನು ಓದಿ ನನ್ನ ನಗಿಸ್ತಾ ಅವ್ನಲ್ಲ ಅನ್ನಿಸ್ತು. ಸಿಟ್ಟೆಲ್ಲ ಎಲ್ಲೋ ಹೋತು. ಪುಸ್ತಕ ಮುಗೀತು. ನಾನು ಎದ್ದೆ. ಚಿಲಕಕ್ಕೆ ಕೈ ಹಾಕಿದ್ದೆ ಕಣಪ್ಪ."

ಅವರ ಕೈ ಬಾಗಿಲ ಚಿಲಕದ ಕಡೆಗೆ ಒಂದಿಷ್ಟು ಹೋಗಿ ಕೆಳಗಿಳಿಯಿತು.

"ಅವ್ರಿಗೆ ಒಂದು ಚಾಳಿ. ಪುಸ್ತಕ ಮುಗಿದ್ರೂ ಮುಗಿಯಲ್ಲ, ಹಿಂದಿನ ಹಾಳೆ ತನಕ ಓದಬೇಕು. ಯಾರ್ಯಾರೋ ಪೆನ್ಸಿಲ್ನಾಗೆ ಬರ್ದಿದ್ದನ್ನೂ ಓದಿದ್ರು. ಅದ್ರಾಗೆ ಒಬ್ರು ಬರ್ದಿದ್ರು, ಇಂಥವನ ಹತ್ರ ಹೆಂಡ್ತಿ ಯಾಕೆ ಉಳಿದ್ಳು, ಮನುಷ್ಯಳಾದ್ರೆ ಬಿಟ್ಟು ಹೋಗ್ಬೇಕಿತ್ತು ಅಂತ. ಅರ್ಧಕ್ಕೆ ಅವ್ರ ದನಿ ನಿಂತೋತು. ಆದ್ರೂ ಪೂರ್ತಿ ಓದಿದ್ರು. ನನ್ನ ಕೈ ಚಿಲಕದ ಮ್ಯಾಲೇ ಇತ್ತು. ಲೋಕಕ್ಕೆಲ್ಲ ಗೊತ್ತೈತೆ, ಈಗ ಬಾಗಿಲು ತೆಗದ್ರೆ ನಾನು ಮನುಷ್ಯಳೇ ಅಲ್ಲ ಅಂತಾರೆ ಅನ್ನಿಸ್ತು. ಸಂದೀಲಿ ನೋಡಿದೆ. ನಶ್ಯದ ಡಬ್ಬಿ ತೆಗ್ದು ಏನೋ ಉಜ್ತಿದ್ರು. ಯಾರು ಬರ್ದಿದ್ದು ಅದು ಅಂದೆ ಒಳಗಿಂದ್ಲೇ. ಆರು ವರ್ಷಕ್ಕೆ ಅವ್ರ ಕೂಟೆ ನಾನಾಡಿದ್ದು ಅದೊಂದೇ ಮಾತು. ಉಜ್ಜೋದು ಬಿಡಲಿಲ್ಲ. 'ರುಜು ಇಲ್ಲ' ಅಂದ್ರು."

ತಿಪ್ಪಯ್ಯ ನನ್ನ ಮುಖ ನೋಡಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ನಾನು ಏಳು ವರ್ಷ ಅಂದುಕೊಂಡಿದ್ದೆ, ಮೂಗರ್ಜಿಗೆ ಹೆದರಿ, ಕಚೇರಿಯ ಮಾನಕ್ಕೋಸ್ಕರ ರುಜು ಅಳಿಸಿದರು ಎಂದು. ಮೂಗರ್ಜಿಯ ಸುದ್ದಿ ಬಂದದ್ದು ಗುರುವಾರ. ಇದು ಅದರ ಹಿಂದಿನ ಭಾನುವಾರ.

"ನಿನಗೇನಾದ್ರೂ ಗೊತ್ತೇನಪ್ಪ, ಯಾರು ಬರ್ದಿದ್ದು ಅಂತ?"

ಅಮ್ಮ, ನಾನೇ ಎಂದು ಹೇಳಲು ಎಷ್ಟು ಹೊತ್ತು ಬೇಕು? ಅವರು ಬಾಗಿಲಿಗೆ ಒರಗಿಕೊಂಡೇ ನನ್ನನ್ನು ನೋಡುತ್ತಿದ್ದರು.

"ರುಜು ಇರಲಿಲ್ಲಮ್ಮ" ಅಂದೆ.

ಅವರು ತಲೆ ಆಡಿಸಿದರು. ಒಳಗಿನಿಂದ ಕಾಫಿ ಬಂತು. ಕುಡಿದೆ.

ಬಸ್‌ಸ್ಟ್ಯಾಂಡಿಗೆ ಬಂದಾಗ ಹೊಸದುರ್ಗದ ಬಸ್ಸು ಹೊರಟು ನಿಂತಿತ್ತು. "ಹತ್ಕಳಪ್ಪ, ನಿನ್ ಬಸ್ಸು" ಎಂದು ತಿಪ್ಪಯ್ಯ ಕೈ ತೋರಿಸಿದ. ನಾನು ಅವನನ್ನು ಅವನೂರಿಗೆ ಕಳಿಸಿ, ದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಹಿರಿಯೂರು. ಸಾಹೇಬರು ಪ್ರತಿ ವಾರ ವಾಪಸಾಗುತ್ತಿದ್ದ ದಾರಿ ಅದು. ನಾಲ್ಕೂವರೆಗೆ ವಾಚನಾಲಯದ ಮೆಟ್ಟಿಲು ಹತ್ತಿದೆ. ಮುದುಕರು ಇರಲಿಲ್ಲ, ಬೇರೆ ಯಾರೋ ಇದ್ದರು. ಪುಸ್ತಕ ಇತ್ತು. ರಟ್ಟು ಬಿಚ್ಚಿ ಹೊಸದಾಗಿ ಹೊಲಿದಿದ್ದರು, ಕೊನೆಗೆ ಇನ್ನೆರಡು ಹಾಳೆ ಸೇರಿತ್ತು. ಏಳು ವರ್ಷದ ಓದುಗರು ಅದರಲ್ಲಿ ತುಂಬಿದ್ದರು. 'ನಮ್ಮ ಹೆಡ್ಮಾಸ್ಟರೂ ಥೇಟ್ ಹೀಗೇ.' 'ನಮ್ಮ ಸೊಸೈಟಿ ಅಧ್ಯಕ್ಷರನ್ನು ಲೇಖಕರು ಎಲ್ಲಿ ನೋಡಿದರೋ.' 'ನಮ್ಮ ಅತ್ತೆಯವರಿಗೆ ಮೀಸೆ ಒಂದಿಲ್ಲ.' ಊರಿನಲ್ಲಿ ಪ್ರತಿಯೊಬ್ಬರಿಗೂ ಒಬ್ಬೊಬ್ಬ ಸಾಹೇಬ ಇದ್ದ. ಯಾರೂ ರುಜು ಹಾಕಿರಲಿಲ್ಲ.

ಹಿಂದಕ್ಕೆ ತಿರುಗಿಸಿ ನಮ್ಮ ಹಾಳೆಗೆ ಬಂದೆ. ಬೋರಣ್ಣನ ರುಜು, ಸರೋಜಮ್ಮನವರ ರುಜು ಇದ್ದ ಜಾಗ ತೆಳುವಾಗಿ ಉಜ್ಜಿತ್ತು. ನನ್ನದು ಇದ್ದ ಕಡೆ ಕಾಗದ ಹರಿಯುವಷ್ಟು ಸವೆದಿತ್ತು. ಹಿಂದಿನ ಸಲ ಇದನ್ನು ನಾನು ಗಮನಿಸಿರಲಿಲ್ಲ. ಅಲ್ಲಿ ಬೆರಳಿಟ್ಟೆ. ಒಳಗಿನಿಂದ ಆಕೆ ಕೇಳುತ್ತಿದ್ದಾರೆ, ಇವರು ಉಜ್ಜುತ್ತಲೇ ಇದ್ದಾರೆ. ಎರಡು ದಿನದಿಂದ ಮರಗಟ್ಟಿದ್ದ ಎದೆಯಲ್ಲಿ ಆಗ ನೋವು ಹುಟ್ಟಿತು. ಸಾಹೇಬರಿಗಾಗಿ ನೊಂದೆ, ಆ ಅಮ್ಮನಿಗಾಗಿ ಅದಕ್ಕಿಂತ ಹೆಚ್ಚು.

ದಾರದ ಪೆನ್ಸಿಲ್ಲು ಎಳೆದುಕೊಂಡು, ಕಾಗದ ಹರಿಯದ ಹಾಗೆ ಮೆಲ್ಲಗೆ, ಅದೇ ಜಾಗದಲ್ಲಿ ರುಜು ಹಾಕಿದೆ. ಚಿಕ್ಕದಲ್ಲ, ಪೂರ್ತಿ ಹೆಸರು. ಹಿಂದಿನ ತಾರೀಖು ಹಾಕುವಂತಿಲ್ಲವಲ್ಲ, ಆ ದಿನದ್ದನ್ನೇ ಬರೆದೆ. ಕೆಳಗೆ ಅವರ ಕೆಂಪು 'ನೋಡಿದೆ' ಹಾಗೇ ಇತ್ತು. ಈ ಪುಸ್ತಕವನ್ನು ಎರಡು ವಾರಕ್ಕೆ ಬೇಕು ಎಂದು ನನ್ನ ಹೆಸರಿಗೆ ಬರೆಸಿಕೊಂಡು, ಚೀಲದಲ್ಲಿಟ್ಟುಕೊಂಡೆ. ಮಾರನೆಯ ದಿನ ಶನಿವಾರ. ಬೆಳಿಗ್ಗೆ ಹೊಳಲ್ಕೆರೆ ಕಡೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಮೆಟ್ಟಿಲಿಳಿದೆ.